ಮೂರನೆಯ ಗುಂಡು

ನಾನು ಒಂದು ತೋಟಾ. ಹನ್ನೆರಡು ಬೋರಿನ ಕೋವಿಯದು, ಅಪ್ಪಟ ಹಿತ್ತಾಳೆಯದು. ಈಗಿನ ಕೆಂಪು ಪ್ಲಾಸ್ಟಿಕ್ ತೋಟಾಗಳನ್ನು ನೀವು ನೋಡಿರಬಹುದು. ಒಮ್ಮೆ ಸಿಡಿದರೆ ಅವುಗಳ ಕಥೆ ಮುಗಿಯಿತು. ದಾರಿಬದಿಯಲ್ಲಿ ಬಿದ್ದು ಇರುವೆಗಳಿಗೆ ಮನೆಯಾಗುತ್ತವೆ. ನಾನು ಅಂಥವನಲ್ಲ. ಸಿಡಿದು, ತೊಳೆಸಿಕೊಂಡು, ಮತ್ತೆ ಮದ್ದು ತುಂಬಿಸಿಕೊಂಡು ಎದ್ದು ಬಂದವನು. ಎಷ್ಟು ಸಲ ಎಂದು ಕೇಳಿದರೆ ಲಕ್ಷಕ್ಕೆ ಎರಡು ಕಡಿಮೆ ಎನ್ನುತ್ತೇನೆ. ದೇಚಮ್ಮನವರನ್ನು ಕೇಳಿದರೆ “ನೂರು ದಾಟಿರಬಹುದು” ಎನ್ನುತ್ತಾರೆ. ತೊಳೆದವರ ಲೆಕ್ಕ ಬೇರೆ, ಸಿಡಿದವನ ಲೆಕ್ಕ ಬೇರೆ.

ನನ್ನ ಹುಟ್ಟು ಸಮುದ್ರದಾಚೆಯ ಕಾರ್ಖಾನೆಯಲ್ಲಿ. ಹಿತ್ತಾಳೆಯ ಬಿಲ್ಲೆಯೊಂದನ್ನು ಯಂತ್ರ ಗುದ್ದಿ ಗುದ್ದಿ ಉದ್ದನೆಯ ಲೋಟದಂತೆ ಎಳೆಯಿತು, ಅದೇ ನಾನು. ಗುದ್ದಿಸಿಕೊಳ್ಳುವಾಗ ಬೇರೆ ತೋಟಾಗಳು ಅತ್ತವು. ನಾನು ನಕ್ಕೆ. ನನ್ನ ನಗು ಕೇಳಿ ಯಂತ್ರ ಹೆದರಿ ಆ ದಿನ ರಜೆ ಹಾಕಿತು.

ಹಡಗು ಹತ್ತಿ ಬಂದು ಕೊಡಗಿನ ಕಾಫಿ ತೋಟದ ದೊರೆಯೊಬ್ಬನ ಸೊಂಟದ ಪಟ್ಟಿ ಸೇರಿದೆ. ಅವನ ಗುರಿಯ ವಿಷಯ ಮಾತಾಡದಿರುವುದೇ ವಾಸಿ. ಹಕ್ಕಿಗೆ ಹೊಡೆದರೆ ತನ್ನ ಟೋಪಿ ಹಾರುತ್ತಿತ್ತು. ದೊರೆ ಊರಿಗೆ ಹೊರಟಾಗ ನನ್ನನ್ನು ಅಡುಗೆಯವನಿಗೆ ಕೊಟ್ಟ. ಅಡುಗೆಯವನು ಮಾಚಯ್ಯನ ಅಪ್ಪನಿಗೆ ಕೊಟ್ಟು ಬದಲಿಗೆ ಒಂದು ಹುಂಜ ತೆಗೆದುಕೊಂಡ. ಆನೆಯನ್ನೇ ಕೊಟ್ಟರು ಎಂದು ನಾನು ಬೀರುವಿನೊಳಗಿನ ಉಳಿದ ತೋಟಾಗಳಿಗೆ ಹೇಳಿಕೊಂಡಿದ್ದೇನೆ. ನೀವೂ ಹಾಗೆಯೇ ಹೇಳಿ.

ಅಪ್ಪನಿಂದ ನಾನು ಮಗ ಮಾಚಯ್ಯನ ಕೈಗೆ ಬಂದೆ. ಗದ್ದೆಬಯಲಿನ ಈಚೆ ಏರಿನಲ್ಲಿ ಅವನ ಮನೆ. ಆಚೆ ಏರಿನಲ್ಲಿ ಬಿದ್ದಪ್ಪನ ಮನೆ. ಬಿದ್ದಪ್ಪ ಎಂದರೆ ಮಾಚಯ್ಯನ ಹೆಂಡತಿ ದೇಚಮ್ಮನವರ ಒಬ್ಬನೇ ಅಣ್ಣ. ಇಬ್ಬರು ಗಂಡಸರಿಗೂ ನಾನು ಏಕವಚನ ಹಚ್ಚುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಅವರು ನನ್ನನ್ನು ಸಿಡಿಸಿದವರು ಮಾತ್ರ. ದೇಚಮ್ಮನವರು ಬಿಸಿನೀರಿನಲ್ಲಿ ಅದ್ದಿ, ಕಾಚಂಪುಳಿ ಎಂಬ ಕಪ್ಪು ಹುಳಿರಸ ಹಚ್ಚಿ ತಿಕ್ಕಿ, ನನ್ನ ಹೊಟ್ಟೆಯ ಮಸಿ ತೆಗೆದವರು. “ಹಂದಿ ಸಾರಿಗೆ ಇಟ್ಟ ಕಾಚಂಪುಳಿಯೆಲ್ಲ ಈ ಡಬ್ಬಿಗಳಿಗೇ ಆಯ್ತು” ಎಂದು ಬೈಯುತ್ತ ತಿಕ್ಕುವರು. ನಾನು ಚಿನ್ನಕ್ಕಿಂತ ಹೆಚ್ಚು ಹೊಳೆಯುತ್ತಿದ್ದೆ. ಸೂರ್ಯ ನನ್ನಲ್ಲಿ ಮುಖ ನೋಡಿಕೊಂಡೇ ಮೇಲೆ ಬರುತ್ತಿದ್ದ.

ಕೊಡಗಿನಲ್ಲಿ ಕೋವಿ ಮಾತಾಡುತ್ತದೆ, ಇದನ್ನು ನೀವು ಮೊದಲೇ ತಿಳಿದಿರಬೇಕು. ಹುತ್ತರಿ ಹಬ್ಬದಲ್ಲಿ ಹೊಸ ಕದಿರು ಕೊಯ್ಯುವಾಗ ಒಂದು ಗುಂಡು. ಮನೆಯಲ್ಲಿ ಗಂಡು ಮಗು ಹುಟ್ಟಿದರೆ ಒಂದು. ಯಾರಾದರೂ ತೀರಿಕೊಂಡರೆ ಒಂದರ ಹಿಂದೆ ಒಂದು, ಎರಡು. ಆ ಜೋಡಿ ಸದ್ದು ಕೇಳಿದರೆ ಬಯಲಿನವರೆಲ್ಲ ಕೈಯ ಕೆಲಸ ಬಿಟ್ಟು, ಬಿಳಿ ಬಟ್ಟೆ ಉಟ್ಟು ಹೊರಡುತ್ತಾರೆ. ಈ ಮನೆಯವರು ಆಡುವುದು ಕೊಡವ ಭಾಷೆ. ನಿಮಗಾಗಿ ಕನ್ನಡ ಮಾಡಿ ಹೇಳುತ್ತಿದ್ದೇನೆ. ನನಗೆ ಹದಿನೆಂಟು ಭಾಷೆ ಬರುತ್ತವೆ. ಎಲ್ಲದರಲ್ಲೂ ಒಂದೇ ಪದ: ಢಂ.

ಜಗಳ ಆದದ್ದು ಕೈಲ್ ಮುಹೂರ್ತದ ದಿನ. ಅಂದು ಕೋವಿಗಳಿಗೆ ಹೂ ಮುಡಿಸಿ ಪೂಜೆ. ಆಮೇಲೆ ಎತ್ತರದ ಮರದ ತುದಿಗೆ ತೆಂಗಿನಕಾಯಿ ಕಟ್ಟಿ ಗುಂಡು ಹೊಡೆಯುವ ಪಂದ್ಯ. ಎಲ್ಲರ ಗುರಿಯೂ ತಪ್ಪಿ, ಕೊನೆಗೆ ಮಾಚಯ್ಯನೂ ಬಿದ್ದಪ್ಪನೂ ಉಳಿದರು. ಒಬ್ಬರಾದ ಮೇಲೆ ಒಬ್ಬರು ಹೊಡೆಯಬೇಕಿತ್ತು. ಯಾರಿಗೂ ತಡೆಯಲಿಲ್ಲ. ಇಬ್ಬರೂ ಒಟ್ಟಿಗೇ ಕೋವಿಯ ಕುದುರೆ ಎಳೆದರು. ಕರಿಮದ್ದಿನ ಹೊಗೆ ಹೇಗಿರುತ್ತದೆ ಗೊತ್ತೇ? ಎದುರಿಗೆ ಎಮ್ಮೆ ಬಂದು ನಿಂತರೂ ಕಾಣದು. ಹೊಗೆ ತಿಳಿಯಾದಾಗ ಕಾಯಿ ಚೂರಾಗಿ ನೆಲದಲ್ಲಿತ್ತು. ಅದರ ಒಂದು ಚೂರನ್ನು ಮಾಚಯ್ಯ ಹಿಡಿದಿದ್ದ, ಇನ್ನೊಂದನ್ನು ಬಿದ್ದಪ್ಪ.

“ನನ್ನ ಗುಂಡು,” ಎಂದ ಮಾಚಯ್ಯ.

“ನಿನ್ನದು ಮೋಡಕ್ಕೆ ಹೋಯ್ತು, ಭಾವ. ನಾಳೆ ಮಳೆ ಬರ್ತದೆ ನೋಡು.”

ಹೊಡೆದದ್ದು ಯಾರೆಂದು ನನಗೆ ಗೊತ್ತು. ಆ ದಿನ ಮಾಚಯ್ಯನ ಕೋವಿಯಲ್ಲಿ ಇದ್ದವನು ನಾನು. ಮುಂದಿನದನ್ನು ಹೇಳಿದರೆ ಹೊಗಳಿಕೊಂಡಂತೆ ಆಗುತ್ತದೆ.

ಅಂದಿನಿಂದ ಬಿದ್ದಪ್ಪ ಈ ಮನೆಯ ಮೆಟ್ಟಿಲು ಹತ್ತಲಿಲ್ಲ. ಗದ್ದೆಯ ಏರಿಯಲ್ಲಿ ಎದುರಾದರೆ ಇಬ್ಬರೂ ಆಕಾಶ ನೋಡುತ್ತ ದಾಟುತ್ತಿದ್ದರು. ದೇಚಮ್ಮನವರು ಹಂದಿ ಸಾರು, ಅಕ್ಕಿತರಿಯ ಉಂಡೆ ಕಡಂಬುಟ್ಟು ಮಾಡಿದ ದಿನವೆಲ್ಲ ಅಣ್ಣನ ತಟ್ಟೆಯನ್ನೂ ಕೆಳಗಿಳಿಸಿ ಒರೆಸುವರು. ಬಾಗಿಲ ಕಡೆ ಒಮ್ಮೆ ನೋಡಿ, ಮತ್ತೆ ಮೇಲಿಡುವರು. ಒಣಗಲು ಕಿಟಕಿಯ ಮೇಲೆ ತಲೆಕೆಳಗಾಗಿ ನಿಂತು ನಾನು ಇದನ್ನು ನೋಡುತ್ತಿದ್ದೆ. ಹುಲಿಗೂ ಹೆದರದ ನನಗೆ ಆ ತಟ್ಟೆಯನ್ನು ನೋಡುವುದು ಮಾತ್ರ ಕಷ್ಟವಾಗುತ್ತಿತ್ತು.

ಮಾಚಯ್ಯ ಬೇರೆಯೇ ಯೋಚನೆಯಲ್ಲಿದ್ದ. ಮರುವರ್ಷದ ಪಂದ್ಯಕ್ಕೆ ಹೊಗೆ ತೆಳುವಾಗಿರುವ ಮದ್ದು ಬೇಕು. ಕಾಯಿ ಒಡೆಯುವುದನ್ನು ಊರೆಲ್ಲ ಕಣ್ಣಾರೆ ಕಾಣಬೇಕು. ನನ್ನನ್ನು ಜೇಬಿಗೆ ಹಾಕಿಕೊಂಡು ಪೇಟೆಯ ಕೋವಿ ಅಂಗಡಿಗೆ ಹೋದ.

“ಹೊಗೆ ಬೇಡ ಅಂದ್ರೆ ರೆಡಿ ತೋಟಾ ತಕೊಳ್ಳಿ ಮಾಚಯ್ಯನವ್ರೇ,” ಎಂದ ಅಂಗಡಿಯವನು. “ಕರಿಮದ್ದು ಹೊಗೆ ಬಿಡದೆ ಇರ್ತದಾ?”

“ಆ ಪ್ಲಾಸ್ಟಿಕ್ಕನ್ನು ನನ್ನ ಕೋವಿಗೆ ಹಾಕ್ಲಾ? ಕೋವಿ ಉಗೀತದೆ.”

ನಾನು ಜೇಬಿನಲ್ಲಿ ಹೆಮ್ಮೆಯಿಂದ ಎಷ್ಟು ಉಬ್ಬಿದೆನೆಂದರೆ ಅಂಗಿಯ ಹೊಲಿಗೆ ಬಿಟ್ಟಿತು.

ಮಾಚಯ್ಯ ಎರಡು ಡಬ್ಬಿ ತಂದ. ಒಂದರಲ್ಲಿ ದಪ್ಪ ಕಾಳಿನ ಮದ್ದು, ಇನ್ನೊಂದರಲ್ಲಿ ಸಣ್ಣ ಕಾಳಿನದು. ದಪ್ಪ ಕಾಳು ನಿಧಾನವಾಗಿ ಉರಿದು ಗುಂಡನ್ನು ತಳ್ಳುತ್ತದೆ. ಸಣ್ಣ ಕಾಳು ತಟ್ಟನೆ ಹತ್ತಿ ಒದೆಯುತ್ತದೆ. ಹೊಗೆ ಯಾವುದರದು ತೆಳು ಎಂಬುದೇ ಪ್ರಶ್ನೆ. ಅವನು ಅಂಗಳದಲ್ಲಿ ಕಾಗದ ಹಾಸಿ ಎರಡನ್ನೂ ಸ್ವಲ್ಪ ಸ್ವಲ್ಪ ಸುರಿದ. ಬೆರಳಲ್ಲಿ ಉಜ್ಜಿ ಮಸಿ ಎಷ್ಟು ಹತ್ತಿತೆಂದು ನೋಡಿದ, ಕಾಳಿನ ಹೊಳಪು ನೋಡಿದ, ಮೂಸಿದ, ಕಣ್ಣು ಮುಚ್ಚಿ ಇನ್ನೊಮ್ಮೆ ಮೂಸಿದ.

“ನನ್ನನ್ನು ನೋಡೋಕೆ ಬಂದಾಗ ಇಷ್ಟು ನೋಡ್ಲಿಲ್ಲ ನೀವು,” ಎಂದರು ದೇಚಮ್ಮನವರು.

“ಇಷ್ಟು ನೋಡಿದ್ರೆ ನಿನ್ನ ಅಣ್ಣ ನಂಗೆ ಭಾವ ಆಗ್ತಿರಲಿಲ್ಲ.”

ದೇಚಮ್ಮನವರು ಸೌಟು ಹಿಡಿದೇ ಒಳಗೆ ಹೋದರು. ಮಾಚಯ್ಯ ನನಗೆ ಸಣ್ಣ ಕಾಳಿನ ಮದ್ದು ಹಾಕಿದ; ಅಂಚು ನಗ್ಗಿದ ನನ್ನ ತಮ್ಮನಿಗೆ ದಪ್ಪ ಕಾಳಿನದು. ಮೇಲೆ ರಟ್ಟಿನ ಬಿಲ್ಲೆ, ಸೀಸದ ಚರೆ, ಮತ್ತೆ ಬಿಲ್ಲೆ. ಗಾಳಿ ತಿರುಗುವ ಮೊದಲೇ ಎರಡರ ಹೊಗೆಯನ್ನೂ ಹೋಲಿಸಬೇಕು ಎಂದುಕೊಂಡು, ಹಲಸಿನ ಮರದ ಬಳಿ ನಿಂತು, ಹಳೆಯ ಹಲಗೆಗೆ ಗುರಿ ಇಟ್ಟ.

ನಾನು ಸಿಡಿದೆ. ಆ ಸದ್ದಿಗೆ ಕೇರಳದವರೆಗೂ ತೆಂಗಿನಕಾಯಿ ಉದುರಿದವಂತೆ. ನನ್ನ ಹಿಂದೆಯೇ ತಮ್ಮನೂ ಸಿಡಿದ, ಪರವಾಗಿಲ್ಲ, ಚಿಕ್ಕವನು.

ದೇಚಮ್ಮನವರು ಹೊರಗೆ ಓಡಿ ಬಂದರು. “ಎಷ್ಟು ಹೊಡೆದ್ರಿ?”

“ಎರಡು.”

“ಒಂದರ ಹಿಂದೆ ಒಂದಾ?”

“ಹೌದು ಮತ್ತೆ. ಗಾಳಿ ತಿರುಗಿದ್ರೆ ಹೊಗೆ...”

“ಅಯ್ಯೋ, ಸತ್ತಿರಿ ನೀವು!”

ಆಗ ಮಾಚಯ್ಯನಿಗೆ ಹೊಳೆಯಿತು. ಬಯಲಿನ ಕಡೆ ನೋಡಿದರೆ ನೇಗಿಲುಗಳು ನಿಂತಿದ್ದವು.

“ಇನ್ನೊಂದು ಹೊಡೀರಿ ಬೇಗ! ಮೂರಾದ್ರೆ ಅವರಿಗೆ ಅನುಮಾನ ಬರ್ತದೆ!”

ತುಂಬಿಸಿಟ್ಟ ತೋಟಾ ಬೇರೆ ಇರಲಿಲ್ಲ. ಮಾಚಯ್ಯ ನನ್ನನ್ನೇ ಹೆಕ್ಕಿದ. ಆದರೆ ಆತುರದಲ್ಲಿ ಮದ್ದಿಗೆ ಕಿಡಿ ಹೊತ್ತಿಸುವ ಪುಟ್ಟ ಕೇಪು ಹುಲ್ಲಿನಲ್ಲಿ ಬಿತ್ತು. ಅದನ್ನು ಹುಡುಕುವಷ್ಟರಲ್ಲಿ ಏರಿಯ ಮೇಲೆ ಬಿಳಿ ಬಟ್ಟೆಯ ಸಾಲು ಕಂಡಿತು. ನೆರೆಮನೆಯ ಬೊಳ್ಳಮ್ಮ ಗೇಟಿನಿಂದಲೇ ಶುರು ಮಾಡಿದರು.

“ಅಯ್ಯೋ ಮಾಚಣ್ಣಾ! ನಿನ್ನಂಥ ಮನುಷ್ಯ ಇನ್ನು ಹುಟ್ಟೋದುಂಟಾ!”

ಗೇಟಿನತ್ತ ಹೊರಟಿದ್ದ ಮಾಚಯ್ಯನ ಕಾಲು ಅಲ್ಲೇ ನಿಂತಿತು. ಅವನು ಮೆಲ್ಲಗೆ ಹಲಸಿನ ಮರದ ಹಿಂದೆ ಸರಿದ, ನಾನು ಅವನ ಮುಷ್ಟಿಯಲ್ಲಿ. ಹೊಗಳಿಕೆ ಕೇಳುವ ಸುಖ ನನಗೂ ಚೆನ್ನಾಗಿ ಗೊತ್ತು, ಆದ್ದರಿಂದ ನಾನು ತಪ್ಪು ಎನ್ನುವುದಿಲ್ಲ. ದೇಚಮ್ಮನವರು “ಅಲ್ಲ ಬೊಳ್ಳಮ್ಮ, ಕೇಳು” ಎನ್ನುತ್ತಲೇ ಇದ್ದರು. ಬೊಳ್ಳಮ್ಮ ಬಿಟ್ಟರೆ ತಾನೇ? ಅಪ್ಪಿಕೊಂಡು ಅಳುತ್ತಿದ್ದರು.

ಆಗ ಬಿದ್ದಪ್ಪ ಬಂದ. ಗದ್ದೆಯ ಕೆಸರು ಮೊಣಕಾಲಿನವರೆಗೆ, ಒಂದು ಕಾಲಲ್ಲಿ ಮಾತ್ರ ಚಪ್ಪಲಿ. ದೇಚಮ್ಮನವರನ್ನು ಕಂಡದ್ದೇ ಅಲ್ಲೇ ಅಂಗಳದಲ್ಲಿ ಕುಸಿದು ಕೂತ.

“ನೀನು ಇದ್ದೀಯಲ್ಲ ದೇಚಿ... ಹಾಗಾದ್ರೆ ಭಾವ...” ಎನ್ನುತ್ತಲೇ ಮಗುವಿನಂತೆ ಅತ್ತುಬಿಟ್ಟ. “ಆ ತೆಂಗಿನಕಾಯಿ ಅವನೇ ಹೊಡೆದದ್ದು. ನಂಗೆ ಗೊತ್ತಿತ್ತು. ನನ್ನದು ಕೊಂಬೆಗೆ ತಾಗಿತ್ತು. ಹೇಳೋಣ ಹೇಳೋಣ ಅಂತಲೇ ಇದ್ದೆ...”

ಮರದ ಹಿಂದಿನಿಂದ ಮಾಚಯ್ಯ ಹಾರಿ ಬಂದ. “ಕೇಳಿದ್ರಾ? ಎಲ್ಲರೂ ಕೇಳಿದ್ರಾ?”

ಬೊಳ್ಳಮ್ಮ ಕಿರುಚಿದರು. ಇಬ್ಬರು ಗೇಟಿನಾಚೆ ಓಡಿದರು. ಬಿದ್ದಪ್ಪ ಬಾಯಿ ತೆರೆದುಕೊಂಡೇ ನೋಡಿದ, ನೋಡಿದ, ಆಮೇಲೆ ಮುಖ ಕೆಂಪಾಯಿತು.

“ಬದುಕಿದ್ದೀಯಾ! ಹಾಗಾದ್ರೆ ನಾ ಹೇಳಿದ್ದು ವಾಪಸ್. ಅದು ಸತ್ತವನಿಗೆ ಹೇಳಿದ್ದು, ನಿಂಗಲ್ಲ!”

“ವಾಪಸ್ ತಕೊಳ್ಳೋಕೆ ಅದೇನು ಸಾಲ ಕೊಟ್ಟ ಹಾರೆಯಾ?”

ಬಿದ್ದಪ್ಪ ಅವನ ಕಾಲರ್ ಹಿಡಿದ. ಕಾಲರ್ ಹಿಡಿದವನು ಹೊಡೆಯಲಿಲ್ಲ. ಭುಜ ಮುಟ್ಟಿ ನೋಡಿದ, ಕೆನ್ನೆ ಮುಟ್ಟಿ ನೋಡಿದ. ಬಿಸಿಯಾಗಿದೆ ಎಂದು ಖಚಿತವಾದ ಮೇಲೆ ಒಂದು ಗುದ್ದಿದ.

“ದಾರಿಯುದ್ದಕ್ಕೂ ಬೇಡಿಕೊಂಡೆ, ಗೊತ್ತಾ? ಸತ್ತದ್ದು ದೇಚಿ ಆಗದಿರಲಿ, ನೀನೇ ಆಗಿರು ಅಂತ. ಅರ್ಧ ಗದ್ದೆ ದಾಟೋವಾಗ ಅದೂ ಬೇಡ ಅನ್ನಿಸ್ತು. ದನ ಆಗಿರಲಿ ಅಂತ ಬೇಡಿಕೊಂಡೆ.”

“ದನಕ್ಕೆ ಯಾರು ಗುಂಡು ಹೊಡೀತಾರೆ, ಭಾವ?”

ಮಾಚಯ್ಯ ಬಿದ್ದಪ್ಪನ ಮುಖ ನೋಡಿ ಭಾವ ಎಂದು ಕರೆದದ್ದು ಬಹಳ ಕಾಲದ ಮೇಲೆ. ದೇಚಮ್ಮನವರು ಒಳಗೆ ಹೋಗಿ ಮೇಲಿನ ತಟ್ಟೆಯನ್ನು ಕೆಳಗಿಳಿಸಿದರು. ಆ ಮಧ್ಯಾಹ್ನ ಸಾವಿಗೆ ಬಂದವರೆಲ್ಲ ಹಂದಿ ಸಾರು ಉಂಡು ಹೋದರು. ಬೊಳ್ಳಮ್ಮ ಮಾತ್ರ, ಇಷ್ಟು ಅತ್ತದ್ದು ದಂಡವಾಯಿತೆಂದು ಎರಡು ಸಲ ಬಡಿಸಿಕೊಂಡರು.

ಕೈ ತೊಳೆಯುವಾಗ ಬಿದ್ದಪ್ಪ ಒಂದು ಕಾನೂನು ಮಾಡಿದ. “ಇನ್ನು ಮೇಲೆ ಮದ್ದು ನೋಡೋದಾದ್ರೆ ಮೂರು ಹೊಡಿ. ಮೂರನೇದು ಕೇಳಿದ್ರೆ ನೀನು ಇದ್ದೀ ಅಂತ ನಾನು ಕಾಫಿ ಮುಂದುವರಿಸ್ತೇನೆ.”

ಹೊಗೆ ಯಾವ ಮದ್ದಿನದು ತೆಳು ಎಂಬುದನ್ನು ಆ ಗಲಾಟೆಯಲ್ಲಿ ಯಾರೂ ನೋಡಿರಲಿಲ್ಲ. ಮದ್ದಿನ ಆಯ್ಕೆ ವರ್ಷ ವರ್ಷವೂ ನಡೆಯಿತು. ಆ ವರ್ಷ ಕಾಯಿ ಒಡೆದದ್ದು ಇಬ್ಬರೂ ಅಲ್ಲ, ಮೇಲಿನ ಮನೆಗೆ ಮದುವೆಯಾಗಿ ಬಂದ ಹೊಸ ಸೊಸೆ. ಭಾವಂದಿರು ಒಟ್ಟಿಗೆ ಸೇರಿ ಅವಳ ಮದ್ದು ಸರಿಯಿಲ್ಲ ಎಂದರು.

ಮೂರನೆಯ ಗುಂಡಿನ ಕೆಲಸ ನನ್ನ ಪಾಲಿಗೆ ಬಂತು. ಬಾಯಿ ಸ್ವಲ್ಪ ಅಗಲವಾಗಿದೆ, ಪಂದ್ಯಕ್ಕೆ ಆಗುವುದಿಲ್ಲ ಎಂದು ಮಾಚಯ್ಯ ಹೇಳಿದ. ಅದು ನೆಪ. ಇಬ್ಬರು ತಮ್ಮಂದಿರು ಸಾವು ಸಾರಿದ ಮೇಲೆ ಎದ್ದು “ಇಲ್ಲ, ಇದ್ದಾನೆ” ಎನ್ನುವ ಎದೆ ಬೇರೆ ಯಾರಿಗಿತ್ತು? ಎರಡು ಸದ್ದಾದೊಡನೆ ಬಯಲಿನಲ್ಲಿ ಎಲ್ಲರೂ ತುತ್ತು ಹಿಡಿದ ಕೈ ಹಿಡಿದಂತೆಯೇ ಕಾಯುವರು. ನಾನು ಢಂ ಎಂದರೆ ತುತ್ತು ಬಾಯಿಗೆ ಹೋಗುತ್ತಿತ್ತು. ಊರಿಗೆ ಅನ್ನ ಉಣ್ಣಿಸಿದವನು ನಾನು.

ವರ್ಷಗಳು ಕಳೆದವು. ಒಂದು ಬೆಳಿಗ್ಗೆ ಕೋವಿಯನ್ನು ಕೆಳಗಿಳಿಸಿದ್ದು ಮಾಚಯ್ಯನ ಕೈಯಲ್ಲ, ಅವನ ಮಗನದು. ಎರಡು ಹಾರಿಸಿದ. ನಾನು ತುಂಬಿಕೊಂಡು, ಮೂರನೆಯವನಾಗಿ, ಬೀರುವಿನಲ್ಲಿ ಕಾದಿದ್ದೆ. ಬಯಲೆಲ್ಲ ಕಾದಿತ್ತು. ಆಚೆ ಏರಿನಲ್ಲಿ ಬಿದ್ದಪ್ಪ ಕಾಫಿ ಲೋಟ ಹಿಡಿದು ಕಾದನಂತೆ, ಕಾಫಿ ತಣ್ಣಗಾಗುವವರೆಗೆ. ಆಮೇಲೆ ಲೋಟ ಕೆಳಗಿಟ್ಟು ಬಿಳಿ ಬಟ್ಟೆ ಉಟ್ಟ. ನನ್ನನ್ನು ಯಾರೂ ಕರೆಯಲಿಲ್ಲ.

ಸೂತಕ ಕಳೆದ ಮಾರನೆಯ ದಿನ ದೇಚಮ್ಮನವರು ಬೀರು ತೆರೆದು ನನ್ನನ್ನು ಕೈಗೆತ್ತಿಕೊಂಡರು.

“ಇಷ್ಟು ವರ್ಷ ತೊಳೆದೆ. ಒಂದು ಸಲ ನಾನೇ ಹೊಡೆದು ನೋಡ್ತೇನೆ,” ಎಂದರು ಮಗನಿಗೆ.

ಹಲಸಿನ ಮರದ ಬಳಿ ನಿಂತು ಆಕಾಶಕ್ಕೆ ಹೊಡೆದರು. ಒಂದೇ ಒಂದು. ನಾನು ಜೀವಮಾನದಲ್ಲಿ ಅಷ್ಟು ಜೋರಾಗಿ ಕೂಗಿರಲಿಲ್ಲ. ಈ ಮಾತಿನಲ್ಲಿ ಉತ್ಪ್ರೇಕ್ಷೆ ಇಲ್ಲ, ನನ್ನ ಬಾಯಿ ಸೀಳಿದ್ದೇ ಸಾಕ್ಷಿ. ಹೊಗೆ ಗದ್ದೆಯ ಮೇಲೆ ಹರಡಿತು. ಸ್ವಲ್ಪ ಹೊತ್ತಿಗೆ ಆಚೆ ಏರಿನಿಂದಲೂ ಒಂದು ಗುಂಡು ಕೇಳಿತು. ಅದರ ಹಿಂದೆಯೇ ಬಿದ್ದಪ್ಪ ಊಟಕ್ಕೆ ಬಂದ.

ಬಾಯಿ ಸೀಳಿದ ತೋಟಾ ಮತ್ತೆ ಕೋವಿ ಸೇರುವುದಿಲ್ಲ. ದೇಚಮ್ಮನವರು ನನ್ನನ್ನು ಕುದಿಸಿ, ತಿಕ್ಕಿ, ಮತ್ತೆ ಕುದಿಸಿ, ಅಡುಗೆಮನೆಯ ಕಿಟಕಿಯಲ್ಲಿ ಇಟ್ಟುಕೊಂಡರು. ಈಗ ನಾನು ಹಂದಿ ಸಾರಿಗೆ ಕರಿಮೆಣಸಿನ ಪುಡಿ ಅಳೆಯುವ ಅಳತೆ. ಕಪ್ಪು ಪುಡಿಯ ಸಂಬಂಧ ಬಿಡಲಿಲ್ಲ ನೋಡಿ. ಅವರು ಪುಡಿಯನ್ನು ಬೆರಳಲ್ಲಿ ಉಜ್ಜುತ್ತಾರೆ, ಮೂಸುತ್ತಾರೆ, ಕಣ್ಣು ಮುಚ್ಚಿ ಇನ್ನೊಮ್ಮೆ ಮೂಸುತ್ತಾರೆ. ಅದನ್ನು ಯಾರಿಂದ ಕಲಿತರೆಂದು ನಾನು ಹೇಳಬೇಕಾಗಿಲ್ಲ.

ಬಿದ್ದಪ್ಪನಿಗೆ ಈಗ ಕಣ್ಣು ಮಂದ, ಕಿವಿ ಮಂದ. ಮೂಗು ಮಾತ್ರ ಚುರುಕು. ಭಾನುವಾರ ಕೋಲೂರಿಕೊಂಡು ಬಂದು ಒಲೆಯ ಬಳಿ ಕೂರುತ್ತಾನೆ. ದೇಚಮ್ಮನವರು ನನ್ನನ್ನು ಸಾರಿಗೆ ಬಗ್ಗಿಸಿ ತಟ್ಟುತ್ತಾರೆ. ಘಾಟು ಏಳುತ್ತದೆ. ಬಿದ್ದಪ್ಪ ಸೀನುತ್ತಾನೆ, ಹಂಚು ಅದುರುವಂತೆ. ಇನ್ನೊಮ್ಮೆ ಸೀನುತ್ತಾನೆ.

ದೇಚಮ್ಮನವರ ಸೌಟು ನಿಲ್ಲುತ್ತದೆ. ನಾನೂ ಉಸಿರು ಹಿಡಿಯುತ್ತೇನೆ.

ಅವನು ಮುಖ ಮೇಲೆತ್ತಿ, ಬಾಯಿ ತೆರೆದು, ಬೇಕೆಂದೇ ತಡಮಾಡಿ, ಮೂರನೆಯದನ್ನು ಸೀನುತ್ತಾನೆ.

“ಸರಿ, ಇದ್ದೀಯ,” ಎನ್ನುತ್ತಾರೆ ದೇಚಮ್ಮನವರು. “ತಟ್ಟೆ ತಕೋ ಅಣ್ಣ.”

ಆ ಸೀನು ಅವನದೆಂದು ಎಲ್ಲರೂ ತಿಳಿದಿದ್ದಾರೆ. ಮದ್ದು ಹಾಕಿದವನು ನಾನು.