ಅಂಚಿನ ಗೆರೆ

ಗಂಡನ ಪ್ರೆಸ್ಸಿನ ಮುಂದಿನ ಕೋಣೆಯಲ್ಲಿ ಕಂಪ್ಯೂಟರ್ ಎದುರು ಕೂತು ದೊಡ್ಡ ಸೊಸೆ ಹತ್ತೊಂಬತ್ತು ವರ್ಷ ಊರವರ ವಿಸಿಟಿಂಗ್ ಕಾರ್ಡು ಮಾಡಿದ್ದಳು. ವಕೀಲರಿಗೆ, ಪ್ಲಂಬರಿಗೆ, ನಾಯಿ ಡಾಕ್ಟರಿಗೆ. ಬಂದವರಿಗೆಲ್ಲ ಅವಳದು ಒಂದೇ ಪಾಠ. ಮೂರೂವರೆ ಇಂಚು ಉದ್ದ, ಎರಡು ಇಂಚು ಅಗಲ ಇದ್ದರೆ ಕಾರ್ಡು ಪರ್ಸಿನಲ್ಲಿ ಕೂರುತ್ತದೆ. ಹಿನ್ನೆಲೆ ಬಣ್ಣ ಕತ್ತರಿಸುವ ಗುರುತಿನ ಸುತ್ತಲೂ ಒಂದು ನೂಲಿನಷ್ಟು, ಅಂದರೆ ಇಂಚಿನ ಎಂಟರಲ್ಲೊಂದು ಪಾಲು, ಹೊರಕ್ಕೆ ಚಾಚಿರಬೇಕು, ಅಕ್ಷರ ಅಷ್ಟೇ ಒಳಕ್ಕಿರಬೇಕು. ಅಂಚಿಗೆ ಗೆರೆ ಮಾತ್ರ ಬೇಡವೇ ಬೇಡ. ಕತ್ತರಿಸುವಾಗ ಕಾಗದದ ಕಟ್ಟು ಕೂದಲೆಳೆಯಷ್ಟು ಸರಿದರೂ ಗೆರೆ ಒಂದು ಕಡೆ ದಪ್ಪ, ಇನ್ನೊಂದು ಕಡೆ ಮಾಯ.

ಇದನ್ನು ಅವಳು ಹೇಳದೆ ನುಂಗಿಕೊಂಡದ್ದು ಒಬ್ಬಳ ಹತ್ತಿರ ಮಾತ್ರ, ತನ್ನ ವಾರಗಿತ್ತಿಯ ಹತ್ತಿರ.

ವಾರಗಿತ್ತಿ ಆ ಮನೆಗೆ ಬಂದು ಎರಡು ವರ್ಷ. ಕಣ್ಣು ಪರೀಕ್ಷೆಯ ಕೋರ್ಸು ಓದಿದ್ದಳು, ರಸ್ತೆಯ ತಿರುವಿನಲ್ಲಿ ಸ್ವಂತ ಕನ್ನಡಕದ ಅಂಗಡಿ ತೆರೆಯುವವಳಿದ್ದಳು. ಮನೆಯಲ್ಲಿ ಕೂತರೂ ನಿಂತರೂ ಅದೇ ಮಾತು. ದೊಡ್ಡವಳ ಕೆಲಸಕ್ಕೆ ಅತ್ತೆ ಇಟ್ಟಿದ್ದ ಹೆಸರು 'ಕೂತು ಗುಂಡಿ ಒತ್ತೋದು'. ಅದೇ ಅತ್ತೆ ಚಿಕ್ಕವಳು ಓದುತ್ತ ಕೂತರೆ ಟೀವಿಯ ಸದ್ದು ತಗ್ಗಿಸುತ್ತಿದ್ದರು. ದೊಡ್ಡವಳು ಇಂಥವನ್ನೆಲ್ಲ ಮನಸ್ಸಿನಲ್ಲಿ ಗಂಟು ಹಾಕಿಟ್ಟುಕೊಳ್ಳುತ್ತಿದ್ದಳು.

ಒಂದು ಬೆಳಿಗ್ಗೆ ಚಿಕ್ಕವಳು ತಾನೇ ಬಿಡಿಸಿದ ಕಾರ್ಡಿನ ಚಿತ್ರ ಹಿಡಿದು ಪ್ರೆಸ್ಸಿಗೆ ಬಂದಳು. ಮಾಮೂಲಿ ಅಳತೆ ಬೇಡವೆಂದು ಎರಡೂವರೆ ಇಂಚಿನ ಚೌಕ ಮಾಡಿದ್ದಳು. ಬಿಳಿ ಕಾರ್ಡು, ನಡುವೆ ಸಣ್ಣ ಅಕ್ಷರ, ಅಂಚಿನ ಸುತ್ತ ಕಡುಹಸಿರಿನ ತೆಳು ಗೆರೆ. ದೊಡ್ಡವಳ ಗಂಡ ಅದನ್ನು ಕೈಗೆತ್ತಿಕೊಂಡು ಎರಡು ಸಲ ತಿರುಗಿಸಿ ನೋಡಿದ.

"ನಮ್ಮ ಪ್ರೆಸ್ಸಲ್ಲಿ ಇಷ್ಟು ಚೆಂದದ ಕಾರ್ಡು ಇಲ್ಲಿವರೆಗೂ ಬಂದಿಲ್ಲ," ಎಂದು ಹೆಂಡತಿಯ ಕಡೆ ತಿರುಗಿ, "ನೋಡು, ಸ್ವಲ್ಪ ಕಲ್ತುಕೋ" ಎಂದ.

ಹತ್ತೊಂಬತ್ತು ವರ್ಷದಲ್ಲಿ ಅವಳು ಮಾಡಿದ ಒಂದು ಕಾರ್ಡನ್ನೂ ಅವನು ತಿರುಗಿಸಿ ನೋಡಿರಲಿಲ್ಲ. ಗೆರೆಯ ಮಾತು ನಾಲಿಗೆಯ ತುದಿಗೆ ಬಂದಿತ್ತು.

"ಎಲ್ಲಾ ಸರಿಯಿದೆಯಾ ಅಕ್ಕಾ?" ಎಂದು ಚಿಕ್ಕವಳು ಕೇಳಿದಳು.

"ಸರಿಯಿದೆ," ಎಂದಳು ದೊಡ್ಡವಳು.

ಫೈಲನ್ನು ಗೆರೆಯ ಸಮೇತ ಇದ್ದ ಹಾಗೇ ಸಿದ್ಧ ಮಾಡಿ ಕಳಿಸಿದಳು. ಮೂರನೇ ದಿನ ಐನೂರು ಕಾರ್ಡು ಕತ್ತರಿಸಿ ಬಂದವು. ಒಂದರಲ್ಲೂ ಗೆರೆ ನೆಟ್ಟಗಿರಲಿಲ್ಲ. ಎಡಕ್ಕೆ ಬಟ್ಟೆಯ ಅಂಚಿನಂತೆ ದಪ್ಪಗೆ ಕಂಡರೆ, ಬಲಕ್ಕೆ ಪತ್ತೆಯೇ ಇಲ್ಲ. ಚಿಕ್ಕವಳ ಮುಖ ಬಾಡಿತು. ಅದನ್ನು ಕಂಡು ದೊಡ್ಡವಳಿಗೆ ಒಳಗೊಳಗೇ ಹಾಲು ಕುಡಿದಷ್ಟು ಸಮಾಧಾನ.

ಅದು ಹೆಚ್ಚು ಹೊತ್ತು ಉಳಿಯಲಿಲ್ಲ. ಗಂಡ ನೇರವಾಗಿ ಕಟಿಂಗ್ ಮೆಷಿನ್ ಹತ್ತಿರ ಹೋಗಿ, ಮಾವನವರ ಕಾಲದಿಂದ ಅಲ್ಲಿ ದುಡಿಯುತ್ತಿದ್ದ ಮುದುಕನ ಮೇಲೆ ಹರಿಹಾಯ್ದ. ಅವರನ್ನು ಎಲ್ಲರೂ ಕತ್ತರಿ ಮಾಮ ಅನ್ನುತ್ತಿದ್ದರು. ದೊಡ್ಡವಳು ಹೊಸದಾಗಿ ಬಂದಾಗ ಅಳತೆ, ಅಂಚು, ಕಾಗದದ ದಪ್ಪ ಎಲ್ಲ ಹೇಳಿಕೊಟ್ಟವರೇ ಅವರು. ಫೈಲಿನಲ್ಲಿ ತಪ್ಪಿರಬಹುದೆಂದು ಅವರಿಗೆ ಹೊಳೆಯಲೂ ಇಲ್ಲ. ಅದನ್ನು ಮಾಡಿದವಳು ತಾವೇ ಕಲಿಸಿದ ಹುಡುಗಿಯಲ್ಲವೇ, ಗೆರೆ ಇಟ್ಟಿದ್ದರೂ ಅಳತೆ ನೋಡಿಯೇ ಇಟ್ಟಿರುತ್ತಾಳೆ. ಒಂದು ಕಾರ್ಡನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿ, ವಯಸ್ಸಾಯಿತು, ಕಣ್ಣು ಕೈಕೊಟ್ಟಿದೆ, ನಾಳೆಯಿಂದ ಬರುವುದಿಲ್ಲ ಎಂದು ಹೇಳಿ ಏಪ್ರನ್ ಬಿಚ್ಚಿ ಮೊಳೆಗೆ ಸಿಕ್ಕಿಸಿದರು. ದೊಡ್ಡವಳು ಬಾಗಿಲಲ್ಲೇ ನಿಂತಿದ್ದಳು. ಅವರು ಹೊರಟಾಗ ಪಕ್ಕಕ್ಕೆ ಸರಿದು ದಾರಿ ಬಿಟ್ಟಳು.

ನಾಲ್ಕು ದಿನ ಅವಳಿಗೆ ಅನ್ನ ಸೇರಲಿಲ್ಲ. ಹೇಳಿದರೆ ಗಂಡನ ಮುಂದೆ, ಅದಕ್ಕಿಂತ ಹೆಚ್ಚಾಗಿ ವಾರಗಿತ್ತಿಯ ಮುಂದೆ ಸಣ್ಣವಳಾಗಬೇಕು.

ಭಾನುವಾರ ಮಧ್ಯಾಹ್ನ ಎಲ್ಲರೂ ಊಟಕ್ಕೆ ಕೂತಿದ್ದಾಗ ಚಿಕ್ಕವಳೇ ಮಾತು ತೆಗೆದಳು. ಕತ್ತರಿ ಮಾಮ ಹಿಂದಿನ ದಿನ, ಆ ವಾರವಷ್ಟೇ ತೆರೆದಿದ್ದ ಅವಳ ಅಂಗಡಿಗೆ ಬಂದು ಕಣ್ಣು ತೋರಿಸಿದ್ದರಂತೆ.

"ಅವರ ಕಣ್ಣಿಗೆ ಏನೂ ಆಗಿಲ್ಲ ಭಾವ. ಈಗಿರೋ ಕನ್ನಡಕದಲ್ಲೇ ಕೊನೇ ಸಾಲಿನವರೆಗೂ ಓದಿದ್ರು. ಹಾಗಾದ್ರೆ ಗೆರೆ ಯಾಕೆ ಸೊಟ್ಟಗಾಯ್ತು?"

ದೊಡ್ಡವಳ ಕೈ ತಟ್ಟೆಯಲ್ಲೇ ನಿಂತಿತು. "ಅಂಚಿಗೆ ಗೆರೆ ಹಾಕಿದ್ರೆ ಯಾರು ಕತ್ತರಿಸಿದ್ರೂ ಹಾಗೇ ಆಗೋದು," ಎಂದಳು. "ನಂಗೆ ಗೊತ್ತಿತ್ತು. ಬೇಕಂತಲೇ ಹೇಳ್ಲಿಲ್ಲ."

"ಯಾಕಕ್ಕಾ?"

"ಹೊಟ್ಟೆಕಿಚ್ಚು. ಇನ್ನೇನು."

ಗಂಡ ಏನೋ ಹೇಳಲು ಬಾಯಿ ತೆರೆದ. ಮೊದಲು ಆ ಮನುಷ್ಯನ ಮನೆಗೆ ಹೋಗಿ ಬಾ, ಬೈಯೋದು ಆಮೇಲಿದ್ದೇ ಇದೆ, ಎಂದು ಅತ್ತೆ ಅವನನ್ನು ತಡೆದರು. ಚಿಕ್ಕವಳು ಅರ್ಧ ಊಟಕ್ಕೇ ಎದ್ದು ಕೈ ತೊಳೆದಳು.

ಗಂಡ ಹೆಂಡತಿ ಇಬ್ಬರೂ ಹೋದರು. ಕತ್ತರಿ ಮಾಮ ಜಗಲಿಯ ಮೇಲೆ ಕೂತು ಎಲ್ಲ ಕೇಳಿಸಿಕೊಂಡರು. ಅವನ ಕ್ಷಮಾಪಣೆಯನ್ನು ಒಪ್ಪಿಕೊಂಡರು. ಅವಳ ಕಡೆ ತಿರುಗಿ, ದನಿ ಏರಿಸದೆ, "ನಿನ್ನ ಹೊಟ್ಟೆಕಿಚ್ಚಿಗೆ ನನ್ನ ಕಣ್ಣೇ ಬೇಕಾಯ್ತೇನಮ್ಮಾ?" ಎಂದರು.

ಸೋಮವಾರ ಮಾಮ ಕೆಲಸಕ್ಕೆ ಬಂದರು. ಆದರೆ ಅವಳು ತಂದ ಹಾಳೆಗಳನ್ನು ಕೈಯಿಂದ ತೆಗೆದುಕೊಳ್ಳುತ್ತಿರಲಿಲ್ಲ. ಮೇಜಿನ ಮೇಲಿಡು ಎಂದು ಕಣ್ಣಲ್ಲೇ ತೋರಿಸುತ್ತಿದ್ದರು. ಚಿಕ್ಕವಳು ಎರಡು ವಾರ ಮಾತು ಬಿಟ್ಟಳು. ಆಮೇಲೆ, ಅಂಗಡಿಯಲ್ಲಿ ಕಾರ್ಡು ಕೇಳುವವರು ಹೆಚ್ಚಾದ್ದರಿಂದಲೋ ಏನೋ, ಒಂದು ಸಂಜೆ ಪ್ರೆಸ್ಸಿಗೆ ಬಂದು ಪಕ್ಕದ ಕುರ್ಚಿ ಎಳೆದುಕೊಂಡು ಕೂತಳು.

"ಈ ಸಲ ಏನೇನು ತಪ್ಪಿದೆಯೋ ಎಲ್ಲಾ ಹೇಳಿಬಿಡಿ."

ದೊಡ್ಡವಳು ಹೇಳಿದಳು. ಗೆರೆ ಹೋಯಿತು, ಹಸಿರು ಕಾರ್ಡಿನ ಹಿಂಬದಿಯನ್ನೆಲ್ಲ ತುಂಬಿ ಅಂಚಿನಾಚೆಗೆ ಚಾಚಿತು. ಚೌಕಕ್ಕಾಗಿ ಇಬ್ಬರೂ ಜಗಳವಾಡಿದರು, ಚಿಕ್ಕವಳೇ ಗೆದ್ದಳು. ಅಕ್ಷರದ ಅಳತೆಯಲ್ಲಿ ದೊಡ್ಡವಳು ಜಗ್ಗಲಿಲ್ಲ. ಕನ್ನಡಕದ ಅಂಗಡಿಯ ಕಾರ್ಡು ಓದಲು ಕನ್ನಡಕ ಹುಡುಕುವಂತಾಗಬಾರದು ಎಂದಾಗ ಚಿಕ್ಕವಳು ಬೇಡವೆಂದರೂ ನಕ್ಕುಬಿಟ್ಟಳು.

ಹೊಸ ಕಾರ್ಡು ಚೆನ್ನಾಗಿ ಬಂತು. ಅತ್ತೆ ಅದನ್ನು ನೆರೆಯವರಿಗೆಲ್ಲ ತೋರಿಸಿ, ನಮ್ಮ ಚಿಕ್ಕವಳದು ಎಂದರು. ಕೇಳಿಸಿಕೊಂಡ ದೊಡ್ಡವಳಿಗೆ ಮತ್ತೆ ಹೊಟ್ಟೆಕಿಚ್ಚಾಯಿತು. ಆಮೇಲೂ ಆಗುತ್ತಲೇ ಇತ್ತು. ಆದರೆ ಅದಕ್ಕಾಗಿ ಇನ್ನೊಂದು ಕೆಲಸ ಕೆಡಿಸಲಿಲ್ಲ.

ತಿಂಗಳು ಕಳೆದ ಮೇಲೆ ಅವಳು ಒಂದು ಮದುವೆ ಫೋಟೋದವನ ಕಾರ್ಡಿನ ಹಾಳೆಗಳನ್ನು ಮೇಜಿನ ಮೇಲಿಡಲು ಹೋದಳು. ಕತ್ತರಿ ಮಾಮ ಮೆಷಿನ್ ನಿಲ್ಲಿಸಿ, ಎರಡೂ ಕೈ ಒರೆಸಿಕೊಂಡು, ಮುಂದಕ್ಕೆ ಚಾಚಿದರು.

"ಕೊಡು ಇಲ್ಲಿ," ಎಂದರು.