ಅರ್ಧದಲ್ಲಿ ತಿರುಗುವ ಕಾರು

ಬ್ಯಾಟರಿ ಕಾರು ಮನೆಗೆ ಬಂದಾಗಿನಿಂದ ಯಜಮಾನರು ಎಲ್ಲಿಗೆ ಹೊರಟರೂ ದೂರವನ್ನು ಎರಡರಿಂದ ಗುಣಿಸುತ್ತಿದ್ದರು. ಬರೀ ಹೋಗುವುದಲ್ಲ, ಹೋಗಿ ಬರುವುದು ಅವರ ಲೆಕ್ಕ. ಪರದೆಯ ಮೇಲೆ ಚಾರ್ಜು ಅರ್ಧಕ್ಕಿಳಿಯಿತೋ, ಎಲ್ಲಿದ್ದರೆ ಅಲ್ಲೇ ಗಾಡಿ ತಿರುಗಬೇಕು. ಹೀಗಾಗಿ ಅವರ ಹೆಂಡತಿ ಸಮುದ್ರವನ್ನು ಗಾಳಿಯ ವಾಸನೆಯಿಂದ ಬಲ್ಲಳು, ಬೆಟ್ಟವನ್ನು ದೂರದ ನೀಲಿಯಿಂದ ಬಲ್ಲಳು; ಎರಡನ್ನೂ ಮುಟ್ಟಿದವಳಲ್ಲ.

ಅವಳು ಹೆರಿಗೆ ಆಸ್ಪತ್ರೆಯ ದಾದಿ. ನೋವು ತಿನ್ನುವ ಹೆಂಗಸರನ್ನು ಗದರಿ, ಬೆನ್ನು ಸವರಿ, ದೇವರ ಹೆಸರು ಹೇಳಿಸಿ ದಡ ಮುಟ್ಟಿಸುವುದು ಅವಳ ಕಸುಬು. ಆ ಕೋಣೆಯಲ್ಲಿ ಹಿಂದಕ್ಕೆ ತಿರುಗುವ ಅನುಕೂಲ ಯಾರಿಗೂ ಇಲ್ಲ. ಗಂಡನ ಜಾಗರೂಕತೆಯನ್ನು ಅವಳು ಬೈಯುತ್ತಿರಲಿಲ್ಲ. ಹೊರಗೆ ಬೆಂಚಿನ ಮೇಲೆ ಕೂತ ಗಂಡಸರು ಹೆರಿಗೆಯ ಬಗ್ಗೆ ಕೊಡುವ ಸಲಹೆಗಳನ್ನು ಕೇಳುವ ಹಾಗೆ, ಸುಮ್ಮನೆ ಕೇಳಿಸಿಕೊಳ್ಳುತ್ತಿದ್ದಳು.

ಈಗ ತಂಗಿಗೆ ದಿನ ತುಂಬಿತ್ತು. ಹಿಂದೆ ನಿಲ್ಲದೆ ಹೋದ ಬಸಿರುಗಳನ್ನೆಲ್ಲ ಅತ್ತು ಮುಗಿಸಿ, ತಲೆಗೂದಲು ನರೆಯುವ ಹೊತ್ತಿಗೆ ದೇವರು ಕಣ್ಣುಬಿಟ್ಟಿದ್ದ. "ಅಕ್ಕಾ, ಮಗು ನಿನ್ನ ಕೈಗೇ ಬೀಳ್ಬೇಕು. ಬೇರೆ ಕೈ ಅಂದ್ರೆ ನಂಗೆ ಹೆದ್ರಿಕೆ" ಎಂದಿದ್ದಳು. ಅವಳ ಊರಿನ ಆಸ್ಪತ್ರೆಯ ಡಾಕ್ಟರಮ್ಮ ಒಪ್ಪಿಯೂ ಆಗಿತ್ತು. ಆದರೆ ತಂಗಿಯ ಊರು ದೂರ. ಬಸ್ಸಿಗೆ ಹೋಗುತ್ತೇನೆಂದರೆ ಯಜಮಾನರಿಗೆ ಅವಮಾನ.

"ಮನೇಲಿ ಕಾರಿಟ್ಕೊಂಡು ಬಸ್ಸಾ? ದಾರೀಲಿ ಚಾರ್ಜ್ ಮಾಡ್ಕೊಂಡು ಆರಾಮಾಗಿ ಹೋಗೋಣ. ಪ್ಲಾನ್ ಮಾಡಿದೀನಿ."

ಪ್ಲಾನೆಂದರೆ ವಾರವಿಡೀ ನಡೆದ ತಪಸ್ಸು. ಭಾರ ಇಳಿಸಬೇಕೆಂದು ಅವಳ ಚೀಲದಿಂದ ಎರಡು ಜೊತೆ ಬಟ್ಟೆ ಇಳಿದವು. ಸ್ಟೆಪ್ನಿ ಇಳಿಯಿತು. ಯಜಮಾನರ ಹೊಟ್ಟೆಯೊಂದು ಮಾತ್ರ ಇಳಿಯಲಿಲ್ಲ. ಎಸಿ ಹಾಕಿದರೆ ಚಾರ್ಜು ಖರ್ಚು, ಕಿಟಕಿ ಇಳಿಸಿದರೆ ಗಾಳಿ ಹಿಡಿದು ಖರ್ಚು. ಇಬ್ಬರೂ ಬೇಯುತ್ತ ಹೊರಟರು. ಸೈಕಲ್ಲಿನವನೊಬ್ಬ ಅವರನ್ನು ಹಿಂದೆ ಹಾಕಿ, ಕತ್ತು ತಿರುಗಿಸಿ ಮರುಕಪಟ್ಟ.

ನಡುದಾರಿಯ ಚಾರ್ಜಿಂಗ್ ಯಂತ್ರಕ್ಕೆ ಗೋಣಿಚೀಲ ಹೊದಿಸಿ ಕಟ್ಟಿದ್ದರು. ಯಜಮಾನರು ಅದನ್ನು ಸುತ್ತು ಹಾಕಿ, ಚೀಲದಂಚು ಎತ್ತಿ ಇಣುಕುತ್ತಿರುವಾಗಲೇ ತಂಗಿಯ ಫೋನು ಬಂತು.

"ಅಕ್ಕಾ, ಶುರುವಾಯ್ತು ಕಣೇ. ಎಲ್ಲಿದೀಯಾ?"

"ಬಂದೆ ಪುಟ್ಟಿ. ಆಸ್ಪತ್ರೆಗೆ ಹೋಗಿ ಮಲ್ಕೋ. ನಿಧಾನಕ್ಕೆ ಉಸಿರಾಡು." ಫೋನಿಟ್ಟು ಗಂಡನ ಕಡೆ ತಿರುಗಿದಳು. "ನಡೀರಿ."

ಯಜಮಾನರು ಕಾರಿನ ಪರದೆ ತೋರಿಸಿದರು. "ಅರ್ಧಕ್ಕೆ ಬಂತು."

"ಅಲ್ಲಿಗಂಟ ಸಾಲಲ್ವಾ?"

"ಧಾರಾಳ ಸಾಲುತ್ತೆ. ವಾಪಸ್ ಬರೋದು?"

"ಅಲ್ಲೇ ಚಾರ್ಜ್ ಮಾಡಿದ್ರಾಯ್ತು."

"ಅಲ್ಲೂ ಹಿಂಗೇ ಗೋಣಿಚೀಲ ಹೊದ್ಸಿದ್ರೆ? ಅವಸರ ಮಾಡ್ಬೇಡ. ಈಗ ಮನೆಗ್ಹೋಗಿ, ಫುಲ್ ಮಾಡ್ಕೊಂಡು, ನಾಳೆ ಬೆಳಿಗ್ಗೆ..."

"ಮಗೂಗೂ ಹೇಳ್ಬಿಡಿ, ವಾಪಸ್ ಹೋಗಿ ನಾಳೆ ಬಾ ಅಂತ."

"ಅದಕ್ಕೂ ಇದಕ್ಕೂ ಏನೇ ಸಂಬಂಧ?"

ಅವಳು ಆ ಮುಖವನ್ನು ನೋಡಿದಳು. ಕೇಡಿಗನ ಮುಖವಾಗಿದ್ದರೆ ಸಿಟ್ಟು ಬರುತ್ತಿತ್ತು. ಸಿಟ್ಟಿಗಾದರೂ ಒಂದು ಮರ್ಯಾದೆಯಿದೆ. ಇದು, ಕೊಡೆ ನೆನೆದೀತೆಂದು ಮಳೆಯಲ್ಲಿ ಅದನ್ನು ಕಂಕುಳಲ್ಲಿ ಮುಚ್ಚಿಟ್ಟುಕೊಂಡು ನಡೆಯುವವನ ಮುಖ. ಇಷ್ಟು ವರ್ಷ ಈ ಮುಖದ ಪಕ್ಕದಲ್ಲಿ ಕೂತು ತಾನೂ ಬಾಯಿಮುಚ್ಚಿಕೊಂಡು ತಿರುಗಿದೆನಲ್ಲ ಎಂದು ತನ್ನ ಮೇಲೂ ಹೇಸಿಗೆಯಾಯಿತು.

ಚೀಲ ಹೆಗಲಿಗೇರಿಸಿ ರಸ್ತೆಗಿಳಿದು ಕೈ ಅಡ್ಡ ಹಿಡಿದಳು. ಟೊಮೆಟೊ ಲಾರಿಯೊಂದು ನಿಂತಿತು.

"ಎಲ್ಲಿಗಮ್ಮಾ?" ಎಂದ ಡ್ರೈವರು.

"ಹೆರಿಗೆಗೆ."

ಅವನು ಅವಳ ನರೆಗೂದಲು ನೋಡಿ ಗಾಬರಿಬಿದ್ದ. "ನಿಮ್ದಾ?"

"ನಂದಲ್ಲಪ್ಪ, ನಡಿ." ಹತ್ತಿ ಕೂತು ಕಿಟಕಿಯಿಂದ ಗಂಡನ ಕಡೆ ತಲೆ ಹೊರಹಾಕಿದಳು. "ಹೋಗ್ತೀನಿ."

"ಹೋಗ್ತೀನಿ ಅನ್ಬಾರ್ದು ಕಣೇ, ಹೋಗಿ ಬರ್ತೀನಿ ಅನ್ನು!"

"ಆ ಲೆಕ್ಕ ನಿಮ್ದು" ಎಂದಳು. ಲಾರಿ ಹೊರಟಿತು.

ಆಸ್ಪತ್ರೆಯಲ್ಲಿ ಮೊಣಕೈವರೆಗೆ ಸೋಪು ಹಚ್ಚಿ ತೊಳೆದು ಒಳಗೆ ಬಂದಾಗ ತಂಗಿ ಮಂಚದ ಸರಳು ಕಿತ್ತು ಬರುವಂತೆ ಹಿಡಿದಿದ್ದಳು.

"ಬಂದ್ಯಾ? ಭಾವ?"

"ಬಂದಿದಾರೆ. ಅರ್ಧ."

"ಅಯ್ಯೋ, ನಗಿಸ್ಬೇಡ್ವೇ ಪಾಪಿ!" ನಗುವೂ ನೋವೂ ಒಂದರ ಮೇಲೊಂದು ಬಂದು ಅವಳು ಕೂಗಿಕೊಂಡಳು. ಅಕ್ಕ ಮನಸ್ಸಿನಲ್ಲೇ ದೇವರನ್ನು ನೆನೆದು, "ಈಗ ತಳ್ಳು" ಎಂದಳು. ಆಮೇಲೆ ಬಹಳ ಹೊತ್ತು ಗದರಿಕೆ, ಬೆವರು, ದೇವರಿಗೆ ಮೊರೆ. ಕೊನೆಗೆ ಹೆಣ್ಣುಮಗು ಬಿಸಿಬಿಸಿಯಾಗಿ ಅಕ್ಕನ ಎರಡು ಅಂಗೈಗಳಿಗೆ ಜಾರಿ, ತಡಮಾಡದೆ ಅತ್ತಿತು.

ಮಗುವನ್ನು ಒರೆಸುತ್ತಿದ್ದಾಗ ಯಜಮಾನರ ಫೋನು ಬಂತು. ಡಾಕ್ಟರಮ್ಮ ಅದನ್ನು ಅವಳ ಕಿವಿಗೆ ಹಿಡಿದರು.

"ಮನೆ ಸೇರ್ಕೊಂಡೆ ಕಣೇ! ಏನಾಶ್ಚರ್ಯ ಗೊತ್ತಾ? ಇನ್ನೂ ಸ್ವಲ್ಪ ಚಾರ್ಜು ಉಳಿದಿದೆ!"

"ಜೋಪಾನವಾಗಿಟ್ಕೊಳ್ಳಿ" ಎಂದು ಅವಳು ಮಗುವಿನ ಕಿವಿಯ ಹಿಂದೆ ಒರೆಸತೊಡಗಿದಳು.