ಪ್ಲಾಸ್ಟಿಕ್ ಪರದೆಯ ಸೀಳು

ಅಕ್ಕನನ್ನು ಹಲಸೂರಿನ ಈ ಆಸ್ಪತ್ರೆಗೇ ಸೇರಿಸಬೇಕೆಂದು ಹಟ ಹಿಡಿದವನು ಈರೇಶ. ಹೊರಮಾವಿನ ಬಾಡಿಗೆ ಕೋಣೆಯಲ್ಲಿ ಶೇಷಮ್ಮ ಜ್ವರದಲ್ಲಿ ಪ್ರಜ್ಞೆ ತಪ್ಪಿ ಬಿದ್ದಾಗ, "ನಮ್ಮ ದವಾಖಾನಿಗೇ ಒಯ್ಯೂಣು" ಎಂದುಬಿಟ್ಟ. ನಮ್ಮದು ಹೇಗೆಂದರೆ, ಅದರ ಮೂರನೇ ಮಹಡಿಯ ಹಳೇ ಗೋಡೆಗಳನ್ನು ಒಡೆಯುವ ಕೂಲಿ ಅವನದು. ವಾಚ್‌ಮನ್ ಅವನನ್ನು ಹೆಸರು ಹಿಡಿದು ಕರೆಯುತ್ತಿದ್ದ, ಅಷ್ಟಕ್ಕೇ ಆಸ್ಪತ್ರೆ ಸ್ವಂತದ್ದಾಗಿಬಿಟ್ಟಿತ್ತು.

ಕೀಲುನೋವಿಗೆಂದು ಶೇಷಮ್ಮ ಎರಡು ವರ್ಷದಿಂದ ನುಂಗುತ್ತಿದ್ದ ಮಾತ್ರೆಗಳು ನೋವನ್ನು ತಗ್ಗಿಸಿದ್ದವು, ಜೊತೆಗೆ ರೋಗ ತಡೆಯುವ ಮೈಯ ಶಕ್ತಿಯನ್ನೂ ತಗ್ಗಿಸಿದ್ದವು. ಅದೇ ಮಹಡಿಯ ಐಸಿಯುವಿನಲ್ಲಿ ವಾರ ಕಳೆಯುವಷ್ಟರಲ್ಲಿ ಜ್ವರ ಇಳಿಯಿತು. ಗಂಜಿ ಕೇಳಿದಳು, ತಮ್ಮನ ಗಡ್ಡ ನೋಡಿ ಬೈದಳು. ಈರೇಶನಿಗೆ ಹೋದ ಜೀವ ಬಂದಂತಾಯಿತು.

ಹತ್ತನೆಯ ದಿನ ಮತ್ತೆ ಜ್ವರ, ಕೆಮ್ಮು, ಉಸಿರಿಗೆ ಪರದಾಟ.

"ಇದು ಇಲ್ಲೇ ಬಂದಿರೋ ಇನ್‌ಫೆಕ್ಷನ್. ಲಂಗ್ಸ್‌ಗೆ ಇಳಿದಿದೆ," ಎಂದರು ಡಾಕ್ಟರ್ ಸಿದ್ರಾ. "ಕೊಡ್ತಿರೋ ಔಷಧಿಗೆ ಬಗ್ತಿಲ್ಲ. ಫಂಗಸ್ ಇರಬಹುದಾ ಅಂತ ಡೌಟು, ಅದು ಒಡೆದ ಗೋಡೆ ಧೂಳಲ್ಲಿ ಇರುತ್ತೆ. ಆದ್ರೆ ಪಕ್ಕದ ಕೆಲಸ ಪೂರ್ತಿ ಸೀಲ್ ಆಗಿದೆ ಅಂತ ಮೇಸ್ತ್ರಿ ಸೈನ್ ಮಾಡಿದ್ದಾರೆ. ಫಂಗಸ್ ಔಷಧಿ ಲಿವರ್‌ಗೆ ತುಂಬಾ ಭಾರ. ರಿಪೋರ್ಟ್ ಬರ್ಲಿ, ಮೂರು ದಿನ ನೋಡೋಣ."

ಅದು ಸೀಲ್ ಆಗಿಲ್ಲವೆಂದು ಈರೇಶನಿಗೆ ಗೊತ್ತಿತ್ತು.

ಕೆಲಸದ ಜಾಗಕ್ಕೂ ಐಸಿಯು ಮುಂದಿನ ಕಾರಿಡಾರಿಗೂ ನಡುವೆ ನೆಲದಿಂದ ಸೂರಿನವರೆಗೆ ದಪ್ಪ ಪ್ಲಾಸ್ಟಿಕ್ ಪರದೆ ಅಂಟಿಸಿದ್ದರು. ಒಡೆದ ಇಟ್ಟಿಗೆ, ಗಾರೆಯನ್ನು ಹಿಂದಿನ ಮೆಟ್ಟಿಲಿನಿಂದಲೇ ಇಳಿಸಬೇಕು. ಹಾಗೆ ಇಳಿಸುತ್ತ ಕೂತರೆ ಸಂಜೆ ಐದು ಗಂಟೆಯಾದರೂ ಕೆಲಸ ಮುಗಿಯದು. ರೋಗಿಗಳನ್ನು ನೋಡಲು ಬಿಡುವುದು ನಾಲ್ಕರಿಂದ ಅರ್ಧ ಗಂಟೆ ಮಾತ್ರ, ಅಕ್ಕ ದಾರಿ ನೋಡುತ್ತಿರುತ್ತಾಳೆ. ಅಕ್ಕ ಸೇರಿದ ಮೊದಲ ದಿನವೇ ಈರೇಶ ಪರದೆಯನ್ನು ಆಳೆತ್ತರ ಸೀಳಿದ. ಆಚೆ ಹತ್ತು ಹೆಜ್ಜೆಗೆ ಲಿಫ್ಟು. ದಿನಕ್ಕೆ ನಲವತ್ತು ಬಾಂಡ್ಲಿ ಇಟ್ಟಿಗೆ ಚೂರು ಆ ದಾರಿಯಲ್ಲೇ ಸಾಗಿದವು. ಆಮೇಲೆ ಟೇಪು ಅಂಟಿಸುತ್ತಿದ್ದ, ಧೂಳು ಮೆತ್ತಿದ ಟೇಪು ಎಷ್ಟು ಹಿಡಿದೀತು? ಕೈಕಾಲಿಗೆ ಸೋಪು ಹಾಕಿ ತೊಳೆದು ಅಕ್ಕನ ಬಳಿ ಓಡುತ್ತಿದ್ದ. ಮಹಾ ಚೊಕ್ಕ ಮನುಷ್ಯ!

ಮೇಸ್ತ್ರಿ ಮಾನಪ್ಪ ಅವನ ಊರಿನವನೇ, ಕೆಲಸ ಕೊಡಿಸಿದವನು. ಈರೇಶ ಫೋನು ಮಾಡಿ ಸೀಳಿನ ವಿಷಯ ಹೇಳಿದಾಗ ಗದರಿದ. "ಬಾಯಿ ಮುಚ್ಕೊಂಡು ಕುಂದ್ರು. ನೀ ಹೇಳಿದ್ರ ಹನ್ನೆರಡು ಮಂದಿ ಹೊಟ್ಟಿ ಮ್ಯಾಲ ಹೊಡದಂಗ. ಮೂರು ದಿನಕ್ಕ ರಿಪೋರ್ಟೇ ಹೇಳ್ತದಲ್ಲ."

ಮೂರು ದಿನ. ಈರೇಶ ಬಾಗಿಲ ಗಾಜಿಗೆ ಮುಖ ಒತ್ತಿ ನೋಡಿದ. ಅಕ್ಕನ ಎದೆ ಏರುತ್ತಿದ್ದ ರೀತಿಗೆ ಮೂರು ಗಂಟೆ ತಾಳುವುದೂ ಅನುಮಾನವೆನಿಸಿತು. ಹೇಳಿದರೆ ಕೂಲಿ ಹೋಯಿತು, ಊರಿಗೆ ಮುಖ ತೋರಿಸುವ ಹಾಗಿಲ್ಲ. ಹೇಳದಿದ್ದರೆ ಅಕ್ಕನೇ ಹೋದಾಳು.

ಹೇಗೋ ಒಳಗೆ ನಡೆದ. "ಮೇಡಂ, ಅದು ಸೀಲ್ ಇಲ್ರಿ. ನಾನೇ ಹರಿದೀನಿ. ಹತ್ತು ದಿನ ಆತು."

ಸಿದ್ರಾ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಹತ್ತು ದಿನಾನಾ?" ಎಂದು ಇನ್ನೊಮ್ಮೆ ಕೇಳಿ ನರ್ಸಿನತ್ತ ತಿರುಗಿದರು. "ಶೇಷಮ್ಮಂಗೆ ಫಂಗಸ್ ಔಷಧಿ ಈಗ್ಲೇ ಶುರು ಮಾಡಿ, ರಿಪೋರ್ಟ್‌ಗೆ ಕಾಯೋದು ಬೇಡ. ಐದನೇ ಬೆಡ್ ನಿಖಿತಾಗೂ ಅದೇ ಜ್ವರ, ಅವಳಿಗೂ ಕೊಡಿ. ಆ ಪರದೆ ಮುಚ್ಸಿ ಮೊದ್ಲು."

ಅಕ್ಕನಿಗೆ ಔಷಧಿ ಸಿಕ್ಕಿತೆಂದು ಉಸಿರು ಬಿಡುವ ಹೊತ್ತಿಗೆ ಆ ಇನ್ನೊಂದು ಹೆಸರು ಬಂದು ತಾಗಿತು. ಮೂತ್ರಪಿಂಡ ಬದಲಿಸಿದ ಹುಡುಗಿ ನಿಖಿತಾ. ಹೊರಗಿನ ಬೆಂಚಿನಲ್ಲಿ ದಿನಾ ಅವನ ಪಕ್ಕ ಕೂರುವ ಮುನಿಆಂಜನಪ್ಪನವರ ಮೊಮ್ಮಗಳು. ಈರೇಶ ತನ್ನ ಅಕ್ಕನೊಬ್ಬಳನ್ನೇ ಲೆಕ್ಕಕ್ಕೆ ಹಿಡಿದಿದ್ದ.

ಹೊರಗೆ ಬಂದರೆ ಆ ಹಿರಿಯರು ಎದ್ದು ನಿಂತಿದ್ದರು. "ನಮ್ಮ ಮಗೂಗೂ ಔಷಧಿ ಬದ್ಲಾಯಿಸ್ತಾರಂತಪ್ಪಾ, ನರ್ಸಮ್ಮ ಹೇಳಿದ್ರು. ನೀನೇನೋ ಹೇಳಿದ್ಮೇಲೇ ಅಂತೆ. ಪುಣ್ಯಾತ್ಮ ಕಣಪ್ಪ ನೀನು," ಎಂದು ಅವನ ಎರಡೂ ಕೈ ಹಿಡಿದುಕೊಂಡರು.

ಸುಮ್ಮನಿದ್ದುಬಿಡಬಹುದಿತ್ತು. ಇವರಿಗೆ ಹೇಳಿದ ಮಾತ್ರಕ್ಕೆ ಯಾರಿಗೂ ಔಷಧಿ ಇನ್ನಷ್ಟು ಬೇಗ ಬರುವುದಿಲ್ಲ. ಈರೇಶ ಕೈ ಬಿಡಿಸಿಕೊಂಡ.

"ಯಜಮಾನ್ರ, ಜಡ್ಡು ತಂದ ಆ ಗ್ವಾಡಿ ಧೂಳು ಒಳಗ ಬಿಟ್ಟಾಂವ ನಾನೇ ರೀ. ಗೊತ್ತಿರಲಿಲ್ಲ."

ಮುನಿಆಂಜನಪ್ಪ ಅವನ ಮುಖವನ್ನೇ ನೋಡಿದರು. ನಿಧಾನವಾಗಿ ತಮ್ಮ ಚೀಲ ಎತ್ತಿಕೊಂಡು ಹೋಗಿ ಎದುರಿನ ಬೆಂಚಿನಲ್ಲಿ ಕೂತರು.